ಗುರುವಾರದ ಕೋಣೆ, ಭಾನುವಾರದ ಪಾದ್ರಿ

ಐವತ್ತು ದಾಟಿದ ಮೇಲೆ ಪಾದ್ರಿಗಳಿಗೆ ಮತ್ತೆ ವಿದ್ಯಾರ್ಥಿಯಾಗುವ ಹುಚ್ಚು ಹಿಡಿದದ್ದು ಡ್ರಾಯಿಂಗ್ ಮಾಸ್ತರರ ದೆಸೆಯಿಂದ. ಮಾಸ್ತರರು ಅವರ ಚರ್ಚಿನ ಸಭೆಯ ಹಳಬರು, ಯಾರ ತಂಟೆಗೂ ಹೋಗದ ಮನುಷ್ಯ. ಒಂದು ವರ್ಷ ಇದ್ದಕ್ಕಿದ್ದಂತೆ ಮಂಕಾದರು. ಶಾಲೆ ಬಿಟ್ಟರು, ಗಡ್ಡ ಬಿಟ್ಟರು, ಕೊನೆಗೆ ಹಾಸಿಗೆಯಿಂದ ಏಳುವುದನ್ನೂ ಬಿಟ್ಟರು. ಪಾದ್ರಿಗಳು ವಾರ ತಪ್ಪದೆ ಹೋಗಿ ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥಿಸಿ, ಧೈರ್ಯ ತಂದುಕೊಳ್ಳಿ, ದೇವರಿದ್ದಾನೆ ಎಂದು ಭುಜ ತಟ್ಟಿ ಬರುತ್ತಿದ್ದರು. ಕಡೆಗೆ ಮಾಸ್ತರರ ತಂಗಿಯೇ ಅವರನ್ನು ಎಬ್ಬಿಸಿಕೊಂಡು ಮನೋವೈದ್ಯರ ಹತ್ತಿರ ಹೋದಳು. ಮಾತ್ರೆಯೂ ನಡೆಯಿತು, ಮಾತೂ ನಡೆಯಿತು. ಚೇತರಿಸಿಕೊಂಡ ಮಾಸ್ತರರು ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಗಳ ಕೈ ಹಿಡಿದುಕೊಂಡರು.

"ತಪ್ಪು ತಿಳ್ಕೋಬೇಡಿ ಅಯ್ಯನವರೇ. ನೀವು ಬಂದು ಹೋದ್ಮೇಲೆ ನಂಗೆ ಇನ್ನೂ ಕಷ್ಟ ಆಗ್ತಿತ್ತು. ದೇವರೂ ಇದಾನೆ, ಅಯ್ಯನವರೂ ಬರ್ತಾರೆ, ಆದ್ರೂ ನಂಗೆ ಏಳೋಕಾಗ್ತಿಲ್ಲ ಅಂದ್ರೆ ನನ್ನ ನಂಬಿಕೇನೇ ಸರಿ ಇಲ್ಲ ಅಂದ್ಕೊಂಡು ಮತ್ತೆ ಮುಸುಕು ಎಳ್ಕೊಳ್ತಿದ್ದೆ."

ಮಾಸ್ತರರ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಪಾದ್ರಿಗಳು ತಡೆದುಕೊಳ್ಳುತ್ತಿದ್ದರೇನೋ. ಆ ವರ್ಷವೇ ಸಂಜೆ ಕಾಲೇಜಿನಲ್ಲಿ ಆಪ್ತಸಮಾಲೋಚನೆಯ ಓದಿಗೆ ಸೇರಿದರು. ತಮ್ಮ ಮಗಳ ವಯಸ್ಸಿನವರ ನಡುವೆ ಕೂತು, ದೊಡ್ಡ ಅಕ್ಷರದಲ್ಲಿ ಟಿಪ್ಪಣಿ ಬರೆದುಕೊಂಡು, ಪರೀಕ್ಷೆಯ ಮುನ್ನಾದಿನ ಹೊಟ್ಟೆ ಕೆಡಿಸಿಕೊಂಡು, ಅಂತೂ ಪಾಸಾದರು. ಪಾಠ ಹೇಳಿದ ಮೇಡಂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ, ಆದರೆ ಈ ಹಿರಿಯ ಶಿಷ್ಯನನ್ನು ಕಂಡರೆ ಅವರಿಗೆ ಅಕ್ಕರೆ. ಓದು ಮುಗಿದ ಮೇಲೂ ತಿಂಗಳಿಗೊಮ್ಮೆ ಬಂದು ಕೆಲಸ ಹೇಗೆ ನಡೆದಿದೆ ಎಂದು ಮಾತಾಡಿ ಹೋಗಬೇಕು ಎಂದು ಕಟ್ಟು ಮಾಡಿದ್ದರು.

"ಸಮಾಲೋಚನೆಗೆ ಕೂತ ಕೋಣೇಲಿ ನೀವು ಪಾದ್ರಿ ಅಲ್ಲ. ಉಪದೇಶ ಬೇಡ. ಅವರಾಗಿ ಕೇಳದೆ ಪ್ರಾರ್ಥನೆ ಬೇಡ. ಸುಮ್ಮನೆ ಕೂತು ಕೇಳಿಸ್ಕೊಳ್ಳಿ," ಎಂದಿದ್ದರು ಮೇಡಂ.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಯಿಂದಲೇ ಬದುಕಿದವರಿಗೆ ಇದು ಸಣ್ಣ ವ್ರತವಲ್ಲ. ಹೆಂಡತಿಗೆ ಹೇಳಿದಾಗ ಆಕೆ ಬಟ್ಟೆ ಮಡಚುತ್ತ, "ಸುಮ್ನೆ ಕೂತು ಕೇಳಿಸ್ಕೊಳ್ಳೋದಾ? ಮನೇಲಿ ಯಾವತ್ತಿಂದ ಶುರು?" ಎಂದಳು.

ಚರ್ಚಿನ ಹಿಂದೆ ಮುರಿದ ಬೆಂಚು, ಹರಿದ ಹಾಡಿನ ಪುಸ್ತಕ, ಕೆಟ್ಟ ಮೈಕು ತುಂಬಿದ್ದ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದರು. ಎರಡು ಬೆತ್ತದ ಕುರ್ಚಿ, ಒಂದು ಸಣ್ಣ ಮೇಜು, ಸೈಕಲ್ ಸ್ಟ್ಯಾಂಡಿನ ಗೋಡೆಗೆ ತೆರೆಯುವ ಕಿಟಕಿ. ಗುರುವಾರ ಮಧ್ಯಾಹ್ನ ಒಳಗೆ ಹೋದವರೇ ಕೊರಳಿನ ಬಿಳಿ ಪಟ್ಟಿ ಬಿಚ್ಚಿ ಮೇಜಿನ ಖಾನೆಯಲ್ಲಿಡುವರು. ಪಟ್ಟಿ ತೆಗೆದರೆ ಪಾದ್ರಿತನ ಹೋಗುವುದೆಂದು ಅವರು ನಂಬಿದ್ದರು, ಬಂದವರು ನಂಬಲಿಲ್ಲ. ಒಬ್ಬಾಕೆ ಪಾಪನಿವೇದನೆಗೆಂದು ಮೊಣಕಾಲೂರಿಯೇ ಬಿಟ್ಟಳು. ಇನ್ನೊಬ್ಬ ತನ್ನ ಅಳಿಯನಿಗೆ ಕೆಲಸಕ್ಕೆ ಶಿಫಾರಸು ಕೇಳಿದ. ಒಬ್ಬ ಅಜ್ಜಿ ಮಾತ್ರ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು ಬಂದು, ಫ್ಯಾನಿನ ಕೆಳಗೆ ಕೂತು, ಕಣ್ಣು ಮುಚ್ಚಿ, ವಂದನೆ ಹೇಳಿ ಹೋಗುತ್ತಿದ್ದಳು. ಆಕೆಗೆ ಏನಾದರೂ ಉಪಯೋಗವಾಯಿತೋ ಇಲ್ಲವೋ ಎಂದು ಪಾದ್ರಿಗಳು ಇವತ್ತಿಗೂ ಯೋಚಿಸುತ್ತಾರೆ.

ನಿಜವಾಗಿ ಮಾತಾಡಲೆಂದೇ ಬಂದವನು ಗುಡುಗಣ್ಣ. ಲಿಫ್ಟ್ ರಿಪೇರಿ ಮಾಡುವವನು, ನಲವತ್ತರ ಆಸುಪಾಸು, ಚರ್ಚಿನ ಹಾಡಿನ ತಂಡದಲ್ಲಿ ಎಲ್ಲರಿಗಿಂತ ಕೆಳಗಿನ ದನಿ ಅವನದು. ಆ ದನಿಗೇ ಆ ಹೆಸರು. ಅವನ ತಾಯಿ ಸಭೆಗೆಲ್ಲ ದೊಡ್ಡ ಟೀಚರ್. ಅರ್ಧ ಸಭೆಗೆ ಅಕ್ಷರ ಕಲಿಸಿದ ಹೆಂಗಸು, ಮುಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವವರು. ಆಕೆ ಹೊರಳಿ ನೋಡಿದರೆ ಹಿಂದೆ ಗುಸುಗುಡುವ ಗಂಡಸರೂ ಬಾಯಿ ಮುಚ್ಚುತ್ತಿದ್ದರು.

ಗುಡುಗಣ್ಣನ ತೊಂದರೆ ಹೇಳಿದರೆ ಯಾರಾದರೂ ನಗುವಂಥದ್ದು. ಹೆಂಡತಿ ಏನೋ ಕೆಲಸದಲ್ಲಿ ಎರಡು ಗಳಿಗೆ ಮಾತಾಡದಿದ್ದರೆ ಅವನಿಗೆ ಎದೆ ಹಿಡಿದುಕೊಳ್ಳುತ್ತಿತ್ತು, ಕೈ ತಣ್ಣಗಾಗುತ್ತಿತ್ತು. ಕೋಪಾನಾ, ಕೋಪಾನಾ ಎಂದು ಕೇಳಿ ಕೇಳಿ ಅವಳಿಗೆ ನಿಜವಾಗಿಯೂ ಕೋಪ ಬರುವಂತೆ ಮಾಡುತ್ತಿದ್ದ.

"ಅಮ್ಮ ನಂಗೆ ಒಂದೇಟು ಹೊಡ್ದಿಲ್ಲ," ಎಂದ ಅವನು ಮೊದಲ ದಿನ. "ಅಪ್ಪ ಹೋದ್ಮೇಲೆ, ನಾನು ಏನಾದ್ರೂ ತಪ್ಪು ಮಾಡಿದ್ರೆ ಮಾತು ನಿಲ್ಲಿಸ್ತಿದ್ರು. ತಟ್ಟೆ ಇಡ್ತಿದ್ರು, ಬಟ್ಟೆ ಒಗೀತಿದ್ರು, ಎಲ್ಲಾ ಸರಿ. ಆದ್ರೆ ನಾನು ಮನೇಲೇ ಇಲ್ಲ ಅನ್ನೋ ಹಾಗೆ. ಒಂದ್ಸಲ ಒಂದು ಲೋಟ ಒಡ್ದೆ. ಬೇಸಿಗೆ ರಜಾ ಮುಗಿಯೋವರೆಗೂ ಮಾತಿಲ್ಲ. ನಾನು ಕನ್ನಡಿ ಮುಂದೆ ಹೋಗಿ ನಿಂತ್ಕೊಂಡು ನಾನು ಕಾಣ್ತೀನಾ ಅಂತ ನೋಡ್ಕೊಳ್ತಿದ್ದೆ."

ಪಾದ್ರಿಗಳು ಕಲಿತಂತೆ ಸುಮ್ಮನೆ ಕೂತರು. ಗೋಡೆಯ ಗಡಿಯಾರ ಟಕಟಕ ಎಂದಿತು. ಗುಡುಗಣ್ಣನ ಹಣೆಯ ಮೇಲೆ ಬೆವರು ಮೂಡಿತು.

"ಅಯ್ಯನವರೇ, ಏನಾದ್ರೂ ಮಾತಾಡಿ. ನೀವು ಹೀಗೆ ಸುಮ್ನೆ ಕೂತ್ರೆ ನಂಗೆ ಅಮ್ಮನ ಮುಂದೆ ಕೂತ ಹಾಗೇ ಆಗತ್ತೆ."

ಇದಕ್ಕೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಇರಲಿಲ್ಲವೋ, ಇದ್ದ ಪುಟವನ್ನು ಪಾದ್ರಿಗಳು ಸರಿಯಾಗಿ ಓದಿರಲಿಲ್ಲವೋ. ಗಲಿಬಿಲಿಯಲ್ಲಿ, "ನೀರು ಕುಡೀತೀಯಾ?" ಎಂದು ಕೇಳಿಬಿಟ್ಟರು. ಆಮೇಲೆ ಮೇಡಂ ಮುಂದೆ ಇದನ್ನು ಹೇಳಿಕೊಳ್ಳಲು ನಾಚಿದರು. ಮೇಡಂ ಮಾತ್ರ, "ಕೇಳಿದ್ದು ಒಳ್ಳೇದಾಯ್ತು ಬಿಡಿ," ಎಂದರು. ಹಾಗಾದರೆ ಸುಮ್ಮನಿರುವುದು ಯಾವಾಗ, ಬಾಯಿ ಬಿಡುವುದು ಯಾವಾಗ ಎಂದು ಕೇಳಿದ್ದಕ್ಕೆ ಆಕೆ ನಕ್ಕುಬಿಟ್ಟರು.

ಗುರುವಾರಗಳು ಉರುಳಿದವು. ಗುಡುಗಣ್ಣ ತಪ್ಪದೆ ಬಂದ, ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡ. ಭಾನುವಾರ ಅದೇ ಪಾದ್ರಿಗಳು ಪಟ್ಟಿ ಕಟ್ಟಿಕೊಂಡು ವೇದಿಕೆ ಹತ್ತಿದರೆ ಮುಂದಿನ ಬೆಂಚಿನಲ್ಲಿ ತಾಯಿ, ಎಡಗಡೆ ಹಾಡಿನ ತಂಡದಲ್ಲಿ ಮಗ. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಮಾತು ಬೈಬಲಿನ ವಾಕ್ಯಪಾಠದಲ್ಲಿ ಬಂದ ದಿನ ಅವರ ನಾಲಗೆ ತೊಡರಿತು. ಓದಿದ್ದು ಮಗನಿಗೆ ಚುಚ್ಚಿತೇ, ತೊಡರಿದ್ದು ತಾಯಿಗೆ ತಿಳಿಯಿತೇ ಎಂಬ ಯೋಚನೆಯಲ್ಲಿ ಉಪದೇಶದ ಮಧ್ಯಭಾಗವನ್ನೇ ಮರೆತು, ನೇರ ಮುಕ್ತಾಯಕ್ಕೆ ಹೋದರು. ಸಭೆಯವರು ಬೇಗ ಬಿಟ್ಟರೆಂದು ಸಂತೋಷಪಟ್ಟರು.

ಅಷ್ಟರಲ್ಲಿ ದೊಡ್ಡ ಟೀಚರಿಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದವರು ಪಾದ್ರಿಗಳಿಗೆ ಹೇಳಿ ಕಳಿಸಿದರು. ಆಕೆ ಒಬ್ಬರೇ ಇರುವ ಎರಡು ಕೋಣೆಯ ಮನೆ, ಮಗನ ಮನೆ ಎರಡು ಬೀದಿ ಆಚೆ. ಪಾದ್ರಿಗಳು ಪಟ್ಟಿ ಕಟ್ಟಿಕೊಂಡು, ಪ್ರಾರ್ಥನೆಯ ಪುಸ್ತಕ ಹಿಡಿದು ಹೋದರು. ಹಾಸಿಗೆಯ ಮೇಲೂ ಆಕೆ ಬೆನ್ನು ನೆಟ್ಟಗೆ ಮಾಡಿಯೇ ಕೂತಿದ್ದರು.

"ಬಾಗಿಲು ಹಾಕಿ. ನಾನು ಪಾಪನಿವೇದನೆ ಮಾಡ್ಬೇಕು. ಇದು ನಿಮ್ಮ ಹತ್ರಾನೇ ಉಳೀಬೇಕು."

"ಉಳಿಯತ್ತೆ ಟೀಚರ್."

"ಗುರುವಾರ ನನ್ನ ಮಗ ನಿಮ್ಮ ಹತ್ರ ಬರ್ತಾನೆ ಅಂತ ಗೊತ್ತು. ಏನ್ ಹೇಳ್ತಾನೆ ಅಂತ ಕೇಳಲ್ಲ. ನಂಗೆ ಗೊತ್ತು ಅವನು ಏನ್ ಹೇಳ್ತಾನೆ ಅಂತ." ಆಕೆ ಹೊದಿಕೆಯ ಅಂಚನ್ನು ನೇರ ಮಾಡಿದರು. "ಅವರು ತೀರ್ಕೊಂಡಾಗ ನಾನು ಬಾಯಿ ತೆಗೆದ್ರೆ ಕಿರಿಚಿಬಿಡ್ತೀನಿ ಅನ್ನೋ ಹೆದರಿಕೆ ಆಗ್ತಿತ್ತು. ಅದಕ್ಕೇ ಮುಚ್ಚಿದ್ದು. ಆಮೇಲೆ ನೋಡಿದ್ರೆ, ನಾನು ಬಾಯಿ ಮುಚ್ಚಿದ್ರೆ ಮಗು ಹೇಳಿದ್ದೆಲ್ಲ ಕೇಳ್ತಿತ್ತು. ಅದು ಸುಲಭ ಅನ್ನಿಸ್ತು. ಅದು ಕನ್ನಡಿ ಮುಂದೆ ನಿಂತ್ಕೊಳ್ಳೋದನ್ನ ನಾನು ಬಾಗಿಲ ಸಂದೀಲಿ ನೋಡಿದೀನಿ. ನೋಡಿನೂ ಮಾತಾಡಿಸ್ಲಿಲ್ಲ."

ಪಾದ್ರಿಗಳ ಎದೆಯಲ್ಲಿ ಇಬ್ಬರು ಒಟ್ಟಿಗೆ ಎದ್ದು ನಿಂತರು. ಒಬ್ಬರು ಈ ಹೆಂಗಸಿನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ನುಡಿಯಲು ಅವಸರ ಮಾಡಿದರು. ಇನ್ನೊಬ್ಬರಿಗೆ ಗುರುವಾರದ ಬೆವರಿನ ಹಣೆ ಕಣ್ಣಿಗೆ ಕಟ್ಟಿತು.

"ಟೀಚರ್, ಈಗ ನಂಗೆ ಹೇಳಿದ್ದನ್ನ ಅವನಿಗೇ ಹೇಳ್ಬಹುದಲ್ವಾ?"

"ಆಗಲ್ಲ."

"ಯಾಕೆ ಆಗಲ್ಲ ಅನ್ನಿಸತ್ತೆ?"

ಆಕೆ ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟವನನ್ನು ನೋಡುವಂತೆ ನೋಡಿದರು. "ನಿಮ್ಮ ಗುರುವಾರದ ಪ್ರಶ್ನೆ ಇಲ್ಲಿ ಬೇಡ ಅಯ್ಯನವರೇ. ನಾನು ಕರೆಸಿದ್ದು ಪಾದ್ರಿಗಳನ್ನ. ಸಾಯೋ ಹೊತ್ತಲ್ಲಿ ಮಗನ ಮುಂದೆ ತಲೆ ತಗ್ಗಿಸೋ ಶಕ್ತಿ ನಂಗಿಲ್ಲ. ದೇವರ ಮುಂದೆ ತಗ್ಗಿಸ್ತಿದೀನಿ. ಅದು ಸಾಲದು ಅಂತೀರಾ?"

ಸಾಲದು ಎನ್ನಲು ತಾನು ಯಾರು? ಸಾಕು ಎನ್ನಲಾದರೂ ಯಾರು? ಬಾಗಿದ ಆ ನರೆತ ತಲೆಯನ್ನು ಕಂಡು ಪಾದ್ರಿಗಳ ಕೈ ತಾನಾಗಿ ಮೇಲೆದ್ದಿತು. ಕ್ಷಮೆಯ ಮಾತು ನುಡಿದರು. ದೊಡ್ಡ ಟೀಚರ್ ದಿಂಬಿಗೆ ಒರಗಿದರು. ಅವರ ಬೆನ್ನು ಬಾಗಿದ್ದನ್ನು ಪಾದ್ರಿಗಳು ನೋಡಿದ್ದು ಅದೇ ಮೊದಲು. ಒರಗಿದ್ದ ಹಾಗೇ ಟೀಚರಿಗೆ ನಿದ್ದೆ ಹತ್ತಿತು.

ಹೊರಗೆ ಬಂದರೆ ಪಾದ್ರಿಗಳಿಗೆ ಒಂದು ಕ್ಷಣ ಮನೆ ಯಾವ ಕಡೆ ಎಂದು ತಿಳಿಯಲಿಲ್ಲ. ಮಗನ ಕಾಯಿಲೆಗೆ ಬೇಕಾದ ಮಾತು ತಾಯಿಯ ಬಾಯಿಂದಲೇ ಬಂದು ತಮ್ಮ ಹೊಟ್ಟೆಯಲ್ಲಿ ಕೂತಿತ್ತು. ಅದನ್ನು ಕೊಡುವಂತಿಲ್ಲ. ಕೊಡದೆ ಗುರುವಾರ ಅವನ ಎದುರು ಕೂರುವುದಾದರೂ ಹೇಗೆ?

ಹೆಸರು ಎತ್ತದೆ, ಹೀಗೊಂದು ಗಂಟಿದೆ ಎಂದು ಮಾತ್ರ ಮೇಡಂ ಹತ್ತಿರ ಹೇಳಿದರು. ಮೇಡಂ ಮುಖ ಗಂಭೀರವಾಯಿತು. "ಒಂದೇ ಮನೆಯ ಇಬ್ಬರ ಗುಟ್ಟು ಒಬ್ಬರ ಹತ್ರ ಇರಬಾರದು. ಒಬ್ಬರನ್ನ ಬೇರೆಯವರ ಹತ್ರ ಕಳಿಸ್ಲೇಬೇಕು."

"ಮೇಡಂ, ಇಬ್ಬರೂ ನನ್ನ ಸಭೆಯವರು. ಒಬ್ಬರಿಗೆ ಮದುವೆ ಮಾಡಿಸ್ದೋನು ನಾನು, ಇನ್ನೊಬ್ಬರನ್ನ ನಾಳೆ ಮಣ್ಣು ಮಾಡೋನೂ ನಾನೇ. ಯಾರನ್ನ ಎಲ್ಲಿಗೆ ಅಂತ ಕಳಿಸ್ಲಿ?"

"ಅದಕ್ಕೇ ನಿಮ್ಮ ಕೆಲಸ ನಂಗೆ ಅರ್ಥ ಆಗಲ್ಲ," ಎಂದರು ಮೇಡಂ, ಬೇಸರವಿಲ್ಲದೆ.

ಮನೆಯಲ್ಲಿ ಹೆಂಡತಿಗೆ ಹೇಳುವಂತೆಯೂ ಇರಲಿಲ್ಲ. ಆದರೂ ಅವರು ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಹಾಕಿಕೊಂಡು ಹೊರಟದ್ದು ಕಂಡು ಆಕೆ, "ಏನೋ ನುಂಗಿದೀರಿ, ಅರಗ್ತಿಲ್ಲ ಅಂತ ಕಾಣತ್ತೆ," ಎಂದಳು.

ಮುಂದಿನ ವಾರ ಟೀಚರ್ ಹತ್ತಿರ ಇನ್ನೊಮ್ಮೆ ಹೋಗಿ ಹೇಗಾದರೂ ಒಪ್ಪಿಸಬೇಕೆಂದು ಪಾದ್ರಿಗಳು ತೀರ್ಮಾನಿಸಿದ್ದರು. ಆ ವಾರ ಬರುವ ಮುಂಚೆಯೇ ದೊಡ್ಡ ಟೀಚರ್ ತೀರಿಕೊಂಡರು. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಎದ್ದವರು ಬಾಗಿಲ ಬಳಿಯೇ ಕುಸಿದಿದ್ದರು.

ಅಂತ್ಯಕ್ರಿಯೆಯ ದಿನ ಗುಡುಗಣ್ಣ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಒಂದು ಹನಿ ಕಣ್ಣೀರಿರಲಿಲ್ಲ. ಪಾದ್ರಿಗಳನ್ನು ಪಕ್ಕಕ್ಕೆ ಕರೆದ.

"ಎಲ್ರೂ ಆದರ್ಶ ತಾಯಿ ಅಂತಿದಾರೆ. ನೀವೂ ಹಾಗೇ ಹೇಳ್ತೀರಾ? ನಿಮಗೊಬ್ರಿಗೆ ಗೊತ್ತಿರೋದು."

ಪಾದ್ರಿಗಳು ಆದರ್ಶ ತಾಯಿ ಎನ್ನಲಿಲ್ಲ. ಒಳ್ಳೆಯ ಶಿಕ್ಷಕಿ ಎಂದರು, ಅದು ಸುಳ್ಳಲ್ಲ. ಸಮಾಧಿಯ ಬಳಿ ಪುಸ್ತಕ ನೋಡಿಯೇ ಪ್ರಾರ್ಥನೆ ಓದುತ್ತಿದ್ದರು. ನಡುವೆ ಒಂದು ಕಡೆ, "ಈ ನಿನ್ನ ಮಗಳು ಆಡಿದ ಮಾತನ್ನೂ ಆಡದೆ ಉಳಿಸಿದ ಮಾತನ್ನೂ ಮನ್ನಿಸು," ಎಂದುಬಿಟ್ಟರು. ಅದು ಪುಸ್ತಕದಲ್ಲಿರಲಿಲ್ಲ. ಬೇಕೆಂದೇ ಹೇಳಿದರೋ, ಬಾಯಿ ಜಾರಿತೋ, ಅವರಿಗೇ ತಿಳಿಯದು. ಮಣ್ಣಿನ ರಾಶಿಯ ಆಚೆ ನಿಂತಿದ್ದ ಗುಡುಗಣ್ಣ ತಲೆ ಎತ್ತಿದ.

ಗುರುವಾರ ಅವನು ಹೊತ್ತಿಗೆ ಮುಂಚೆಯೇ ಬಂದ. ಕೂರಲಿಲ್ಲ.

"ಆಡದೆ ಉಳಿಸಿದ ಮಾತು ಅಂದ್ರಲ್ಲ, ಅದು ನಾನು ಹೇಳಿದ್ದಕ್ಕೆ ಅಂದಿದ್ದಾ, ಇಲ್ಲ ಅಮ್ಮ ಹೇಳಿದ್ದಕ್ಕಾ?"

ಪಾದ್ರಿಗಳು ಉತ್ತರಿಸಲಿಲ್ಲ. ಹೌದು ಎಂದರೆ ಸತ್ತವರಿಗೆ ಕೊಟ್ಟ ಮಾತು ಮುರಿದಂತೆ. ಇಲ್ಲ ಎಂದರೆ ಸುಳ್ಳು. ಇಷ್ಟು ದಿನ ಅವರ ಮೌನವನ್ನು ಮುಂದೆ ಹೇಳು ಎಂದು ತಿಳಿದಿದ್ದವನಿಗೆ ಈ ಮೌನ ಬೇರೆಯೇ ಎಂದು ಅರ್ಥವಾಯಿತು.

"ಹೇಳಿದಾರೆ," ಎಂದ ಗುಡುಗಣ್ಣ. ಅವನ ದನಿ ನೆಲದಿಂದ ಬಂದಂತಿತ್ತು. "ನಿಮಗೆ ಹೇಳಿದಾರೆ. ಎರಡು ಬೀದಿ ಆಚೆ ಇದ್ದ ನಂಗೆ ಹೇಳ್ಲಿಲ್ಲ. ನೀವು ಕ್ಷಮೆ ಕೊಟ್ಟು ಕಳಿಸಿದೀರಿ. ಅಯ್ಯನವರೇ, ಲೋಟ ಒಡೆದ ಹುಡುಗ ನಾನು. ಆ ಕ್ಷಮೆ ನೀವ್ಯಾರು ಕೊಡೋಕೆ?"

ಅವನು ಹೋದ ಮೇಲೆ ಪಾದ್ರಿಗಳು ಖಾನೆಯಿಂದ ಪಟ್ಟಿ ತೆಗೆದರು. ಕಟ್ಟಿಕೊಳ್ಳಬೇಕೋ ಬಿಡಬೇಕೋ ತೋಚದೆ ಜೇಬಿಗೆ ತುರುಕಿಕೊಂಡು ಮನೆಗೆ ಹೋದರು. ಹೆಂಡತಿ ಅದನ್ನು ಕರವಸ್ತ್ರವೆಂದು ತಿಳಿದು ಒಗೆಯಲು ಹಾಕಿದಳು.

ಆ ಪ್ರಶ್ನೆ ಅವರನ್ನು ಬಿಡಲಿಲ್ಲ. ದೇವರ ಹೆಸರಿನಲ್ಲಿ ಮುದುಕಿಗೆ ನೆಮ್ಮದಿ ಕೊಟ್ಟದ್ದು ಸರಿಯೇ ಎಂದು ಒಂದು ದಿನ ಅನ್ನಿಸುವುದು, ಮಗನ ಜೇಬಿನಿಂದ ತೆಗೆದು ಕೊಟ್ಟೆನೆಂದು ಮರುದಿನ ಅನ್ನಿಸುವುದು. ಕ್ಷಮೆ ಕೊಡದೆ ಅಂದು ಸುಮ್ಮನೆ ಕೂತಿದ್ದರೆ ಆಕೆ ಮಗನನ್ನು ಕರೆಸುತ್ತಿದ್ದರೇ? ಅಥವಾ ಹಾಗೇ ಬೆನ್ನು ಬಿಗಿದುಕೊಂಡೇ ಸಾಯುತ್ತಿದ್ದರೇ? ಮೇಡಂ ಹೇಳಿದಂತೆ ಗುಡುಗಣ್ಣನನ್ನು ಊರಿನ ಆ ತುದಿಯ ಇನ್ನೊಬ್ಬ ಸಮಾಲೋಚಕಿಯ ಹತ್ತಿರ ಕಳಿಸಿದರು. ತಮ್ಮ ಸಭೆಯವರನ್ನು ಗುರುವಾರ ನೋಡುವುದನ್ನೇ ನಿಲ್ಲಿಸಿ, ಬೇರೆ ಸಭೆಯವರನ್ನು, ಯಾವ ಸಭೆಗೂ ಸೇರದವರನ್ನು ನೋಡತೊಡಗಿದರು. ನಮ್ಮ ಚರ್ಚಿನ ಫ್ಯಾನು ಪರರಿಗಾ ಎಂದು ಸಮಿತಿಯಲ್ಲಿ ಗೊಣಗಾಟವಾಯಿತು. ಫ್ಯಾನಿನ ಅಜ್ಜಿಯಂತೂ ಮುನಿಸಿಕೊಂಡಳು.

ಗುಡುಗಣ್ಣ ಚರ್ಚಿಗೆ ಬರುತ್ತಿದ್ದ, ಹಾಡುತ್ತಿದ್ದ, ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದ. ಹಾಗೇ ಎಷ್ಟೋ ತಿಂಗಳು ಕಳೆದವು.

ಒಂದು ಮಧ್ಯಾಹ್ನ ಪಾದ್ರಿಗಳು ಕಾಲು ಮುರಿದುಕೊಂಡ ಒಬ್ಬ ಹಿರಿಯಾಕೆಯನ್ನು ನೋಡಲು ಆಸ್ಪತ್ರೆಗೆ ಹೋದರು. ಲಿಫ್ಟ್ ಕೆಟ್ಟಿತ್ತು. ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಪಕ್ಕದ ನೆಲದ ಮೇಲೆ ಸ್ಪ್ಯಾನರುಗಳನ್ನು ಹರಡಿಕೊಂಡು ಗುಡುಗಣ್ಣ ಕೂತಿದ್ದ, ಕೈಯ ಗ್ರೀಸನ್ನು ಹಳೆಯ ಬಟ್ಟೆಯಲ್ಲಿ ಒರೆಸುತ್ತ. ಪಾದ್ರಿಗಳಿಗೆ ತಿರುಗಿ ಹೋಗುವ ಮನಸ್ಸಾಯಿತು. ಅವನೇ ಮಾತಾಡಿಸಿದ.

"ಕೂತ್ಕೊಳ್ಳಿ ಅಯ್ಯನವರೇ. ಒಂದು ವಿಷಯ ಇದೆ."

ಅವರು ಮೆಟ್ಟಿಲ ಮೇಲೆ ಕೂತರು.

"ಹೊಸ ಕೌನ್ಸೆಲರ್ ನನ್ನೆದುರು ಒಂದು ಖಾಲಿ ಕುರ್ಚಿ ಹಾಕಿದ್ರು. ಅಮ್ಮ ಅದ್ರಲ್ಲಿ ಕೂತಿದಾರೆ ಅಂದ್ಕೊಂಡು ಮಾತಾಡಿ ಅಂದ್ರು. ಮೊದಲು ನಗು ಬಂತು. ಆಮೇಲೆ ಹೊಟ್ಟೇಲಿದ್ದದ್ದೆಲ್ಲ ಆಡ್ದೆ. ಕಿರಿಚಿದೆ ಕೂಡ. ಅದಾದ್ಮೇಲೆ, ಈಗ ಆ ಕುರ್ಚೀಲಿ ನೀವೇ ಕೂತು ಅಮ್ಮನ ಹಾಗೆ ಉತ್ತರ ಕೊಡಿ ಅಂದ್ರು. ಕೂತೆ." ಅವನು ಬಟ್ಟೆಯನ್ನು ಮಡಚಿದ. "ಒಂದು ಮಾತೂ ಬರ್ಲಿಲ್ಲ. ಅಮ್ಮನ ಹಾಗೆ ಬಾಯಿ ಮುಚ್ಕೊಂಡು ಕೂತ್ಕೊಳ್ಳೋದೊಂದೇ ನಂಗೆ ಗೊತ್ತಿದ್ದದ್ದು. ಆ ಉತ್ತರ ನಿಮ್ಮ ಹತ್ರ ಇದೆ."

ಬಿಳಿ ಬಟ್ಟೆಯ ನರ್ಸ್ ಒಬ್ಬಳು ಹಗ್ಗ ನೋಡಿ ಗೊಣಗಿ ಮೆಟ್ಟಿಲು ಹತ್ತಿದಳು. ಪಾದ್ರಿಗಳು ಸರಿದು ಜಾಗ ಬಿಟ್ಟರು. ಬಾಗಿಲ ಸಂದಿಯ ಆ ಒಂದು ವಾಕ್ಯ, ನೋಡಿನೂ ಮಾತಾಡಿಸ್ಲಿಲ್ಲ ಎಂಬುದು, ಅವರ ನಾಲಗೆಯ ತುದಿಯವರೆಗೆ ಬಂದಿತು. ಅದನ್ನು ಕೇಳಿದರೆ ಇವನಿಗೆ ಹಗುರವಾಗುವುದೋ, ಇನ್ನೊಂದು ಗಾಯವಾಗುವುದೋ? ಅದೂ ಅವರಿಗೆ ತಿಳಿದಿರಲಿಲ್ಲ.

"ನನ್ನ ಹತ್ರ ಏನಿದೆ, ಏನಿಲ್ಲ ಅಂತ ಹೇಳೋ ಹಕ್ಕು ನಂಗಿಲ್ಲಪ್ಪ," ಎಂದರು ಕೊನೆಗೆ. "ಅದನ್ನ ನಾನು ಹೇಳೋದೂ ಇಲ್ಲ. ಆದ್ರೆ ನಾನು ಬಾಯಿ ಮುಚ್ಕೊಂಡಿರೋದು ನಿನ್ನ ಮೇಲಿನ ಕೋಪಕ್ಕಲ್ಲ. ನೀನು ಏನೂ ತಪ್ಪು ಮಾಡಿಲ್ಲ. ಇಷ್ಟನ್ನ ಅವತ್ತೇ ಹೇಳ್ಬೇಕಿತ್ತು. ನಂಗೆ ತಿಳೀಲಿಲ್ಲ."

ಗುಡುಗಣ್ಣ ಮಡಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟ.

"ಇದನ್ನ ಹೇಳ್ತಿರೋದು ಯಾರು, ಪಾದ್ರಿಗಳಾ, ಕೌನ್ಸೆಲರಾ?"

"ಗೊತ್ತಿಲ್ಲ ಕಣಪ್ಪ."

ಅವನ ತುಟಿಯ ಕೊನೆ ಸ್ವಲ್ಪ ಅಲುಗಿತು. ಅದು ನಗುವೋ, ಅಳು ತಡೆದದ್ದೋ. ಕಣ್ಣು ಕೆಳಗೆ ಮಾಡಿ ಒಂದು ಸ್ಪ್ಯಾನರ್ ಎತ್ತಿಕೊಂಡ, ಅದಲ್ಲವೆಂದು ಇಟ್ಟು ಇನ್ನೊಂದನ್ನು ಎತ್ತಿಕೊಂಡ.

"ಇದು ಇನ್ನೂ ಹೊತ್ತಾಗತ್ತೆ. ನೀವು ಮೆಟ್ಲು ಹತ್ತಿ ಹೋಗಿ," ಎಂದ. ಪಾದ್ರಿಗಳು ಎದ್ದು ಸ್ವಲ್ಪ ಮೇಲೆ ಹೋದ ಮೇಲೆ, "ಮುಂದಿನ ವಾರ ಆ ಕುರ್ಚೀಲಿ ಮತ್ತೆ ಕೂತು ನೋಡ್ತೀನಿ," ಎಂಬ ದಪ್ಪ ದನಿ ಕೆಳಗಿನಿಂದ ಕೇಳಿಸಿತು. ತಮಗೇ ಹೇಳಿದನೋ, ತನ್ನಷ್ಟಕ್ಕೆ ಅಂದುಕೊಂಡನೋ ಎಂದು ಅವರು ಬಗ್ಗಿ ನೋಡಿದರು. ಅವನು ಆಗಲೇ ಬಾಗಿಲೊಳಗೆ ತಲೆ ಹಾಕಿದ್ದ.

ಹಿರಿಯಾಕೆಯ ವಾರ್ಡು ಐದನೆಯ ಮಹಡಿಯಲ್ಲಿತ್ತು. ಪಾದ್ರಿಗಳು ಮುಟ್ಟುವ ಹೊತ್ತಿಗೆ ಉಸಿರು ಬಾಯಿಗೆ ಬಂದಿತ್ತು. ಮಂಚದ ಸರಳು ಹಿಡಿದುಕೊಂಡು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಪ್ರಾರ್ಥನೆ ಆಮೇಲಾಗ್ಲಿ," ಎಂದು ಆಕೆ ಬ್ಯಾಂಡೇಜಿನ ಕಾಲನ್ನು ಪಕ್ಕಕ್ಕೆ ಸರಿಸಿ ಮಂಚದ ಮೇಲೆಯೇ ಜಾಗ ಮಾಡಿಕೊಟ್ಟರು. "ಮುಖ ಯಾಕೆ ಹೀಗಾಗಿದೆ? ಏನಾಯ್ತು ಹೇಳಿ."

ಪಾದ್ರಿಗಳು ಕೂತರು. ಹೇಳಲು ಎಷ್ಟೋ ಇತ್ತು. ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಯೋಚಿಸುತ್ತಲೇ ಉಸಿರು ನಿಧಾನವಾಗಿ ಹತೋಟಿಗೆ ಬಂತು. ಆಕೆ ಅವಸರ ಮಾಡದೆ ಕಾಯುತ್ತಿದ್ದರು.